ಮಂಚದ ಕೆಳಗೆ ಬಂದ ದೇವರು

ಮಾರ್ಚ್ 21, 1967. ಮಂಗಳವಾರ

ನಲ್ಲಿ ಆರಕ್ಕೆ ಬಂತು, ಒಂಬತ್ತಕ್ಕೆ ನಿಂತಿತು. ಎಂಟು ಕೊಡ. ಕೆಳಗಿನಿಂದ ಈ ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಬಾವಿಯಲ್ಲಿ ಕೆಸರು ಮಾತ್ರ. ಮದರಾಸಿನ ಹೊಸ ಸರಕಾರ ಅಗ್ಗದ ಅಕ್ಕಿ ಕೊಡುತ್ತದಂತೆ. ಬೇಯಿಸಲು ನೀರು?

ಇವರಿಗೆ ಗಂಜಿ, ಮಾತ್ರೆ. ಬಲಗೈಗೆ ಎಣ್ಣೆ ತಿಕ್ಕಿದೆ. ಬೆರಳು ಅಲ್ಲಾಡಲಿಲ್ಲ. ಈ ಡೈರಿ ಇವರ ಆಫೀಸಿನವರು ಕೊಟ್ಟದ್ದು. ಜನವರಿ ಹದಿಮೂರರವರೆಗೆ ಇವರ ಮುತ್ತಿನಂಥ ಅಕ್ಷರ. ಹದಿನಾಲ್ಕು, ಸಂಕ್ರಾಂತಿ — ಖಾಲಿ. ಅಂದೇ ಲಕ್ವ ಹೊಡೆದದ್ದು. ಆಮೇಲೆಲ್ಲ ನನ್ನ ಕಾಗೆಕಾಲು ಗುಬ್ಬಿಕಾಲು. ಒಳ್ಳೆಯ ಕಾಗದ, ಹಾಳಾಗಬಾರದಲ್ಲ.

ಎಂಟೂವರೆಗೆ ರಘುರಾಮಾಚಾರ್ಯರು ಬಂದರು. ಇವರು ಮಲಗಿದಾಗಿನಿಂದ ಪೂಜೆ ಅವರದು. ಇವರು ಮಾಡುವಾಗ ಒಂದು ಗಂಟೆ ಹಿಡಿಯುತ್ತಿತ್ತು, ಅವರಿಗೆ ಹತ್ತು ನಿಮಿಷ. ಕೈ ಸಾಲಿಗ್ರಾಮದ ಮೇಲೆ, ಕಣ್ಣು ಗಡಿಯಾರದ ಮೇಲೆ. ದೇವರಮನೆ ಎಂದರೆ ನಡುಮನೆಯ ಒಂದು ಮೂಲೆ, ಅಡ್ಡಕ್ಕೆ ಮರದ ತಡಿಕೆ. ನಾನು ತಡಿಕೆಯ ಈಚೆ ನಿಂತೆ. ಮದುವೆಯಾಗಿ ಇಪ್ಪತ್ತೆಂಟು ವರ್ಷದಿಂದ ಅಲ್ಲೇ ನಿಂತಿದ್ದೇನೆ. ಗಂಧ ತೇಯುವವಳು ನಾನು, ಹೂ ಕಟ್ಟುವವಳು ನಾನು, ನೈವೇದ್ಯ ಬೇಯಿಸುವವಳು ನಾನು. ಸಾಲಿಗ್ರಾಮ ಮುಟ್ಟುವುದು ಮಾತ್ರ ಹೆಂಗಸರಿಗಿಲ್ಲ.

ಮಾರ್ಚ್ 26, ಭಾನುವಾರ

ಮೈದುನ ವಿಷ್ಣುತೀರ್ಥ ಬಂದಿದ್ದ, ಅಡ್ಯಾರಿನಿಂದ. ಕಿತ್ತಳೆ ತಂದಿದ್ದ. ಸುಲಿದು, ಬೀಜ ತೆಗೆದು, ಅಣ್ಣನ ಬಾಯಿಗೆ ತಾನೇ ಇಟ್ಟ. ಕೆಟ್ಟವನಲ್ಲ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ಹಳೆಯ ರಾಗ.

"ಅತ್ಗೆ, ಆಚಾರ್ರು ಬಂದು ಹೀಗೆ ಎಷ್ಟು ದಿನ ಅಂತ? ಮನೇಲಿ ಪೂಜೆ ಮಾಡೋ ಗಂಡಸಿಲ್ಲ. ನಾಲ್ಕು ತಲೆಮಾರಿನ ಸಾಲಿಗ್ರಾಮ. ನಮ್ಮನೇಗೆ ಕೊಟ್ಬಿಡಿ."

"ಇವರು ಇದ್ದಾರಲ್ಲ."

"ಅಣ್ಣ ಇದ್ದಾನೆ, ಸರಿ..." ಎಂದು ಮಿಕ್ಕದ್ದನ್ನು ನುಂಗಿದ.

ನುಂಗಿದ್ದು ಕೇಳಿಸಿತು. ಅವನ ಕಾಫಿಗೆ ಸಕ್ಕರೆ ಹಾಕಲಿಲ್ಲ.

ಮಾರ್ಚ್ 27, ಸೋಮವಾರ. ಮಧ್ಯಾಹ್ನ ಮೂರು

ನಡೆದದ್ದನ್ನು ಈಗಲೇ ಬರೆದಿಡಬೇಕು.

ಒಂದೂಮುಕ್ಕಾಲಿಗೆ ಸ್ವಲ್ಪ ಮುಂಚೆ. ಮಗಳು ವಿನೋದಾ ಕಾಲೇಜಿನಲ್ಲಿ. ನನ್ನ ಊಟ ಆಗಿತ್ತು, ಎಲೆ ಎತ್ತಿ ನೆಲ ಒರೆಸುತ್ತಿದ್ದೆ. ಮೊದಲು ತಲೆಸುತ್ತು ಅಂದುಕೊಂಡೆ. ಆಮೇಲೆ ಗೂಡಿನ ಲೋಟಗಳು ಒಂದಕ್ಕೊಂದು ತಾಕಿದವು. ನೆಲದ ಅಡಿಯಲ್ಲಿ ಯಾರೋ ಅಕ್ಕಿಮೂಟೆ ಎಳೆದ ಹಾಗೆ ಸದ್ದು. ದೇವರಮನೆಯ ತೂಗುಘಂಟೆ, ಯಾರೂ ಮುಟ್ಟದೆ, ಕಿಣಿಕಿಣಿ...

ಹೊರಗೆ ಬನ್ನಿ ಎಂದು ಬೀದಿಯಲ್ಲಿ ತಮಿಳಿನ ಕೂಗು. "ಭೂಕಂಪಂ, ವೆಳಿಯೇ ವಾಂಗೋ." ಕೆಳಗಿನ ಮನೆಯವರೆಲ್ಲ ಹೊರಗೆ ಓಡಿದರು.

ನಾನೂ ಓಡಿದೆ. ಯಾರೂ ಓದದ ಪುಸ್ತಕ, ಸುಳ್ಳು ಯಾಕೆ. ಇವರನ್ನು ಬಿಟ್ಟು ಬಾಗಿಲ ಕಡೆ ಮೂರು ಹೆಜ್ಜೆ. ನಾಲ್ಕನೆಯದಕ್ಕೆ ತಿರುಗಿದೆ. ಇಷ್ಟು ದೊಡ್ಡ ಆಳನ್ನು ಇಪ್ಪತ್ತೆರಡು ಮೆಟ್ಟಿಲು ಇಳಿಸುವವರು ಯಾರು. ಬಿದ್ದರೆ ಮನೆ ಇಬ್ಬರ ಮೇಲೂ ಬೀಳಲಿ ಎಂದು ಮಂಚದ ಪಕ್ಕ ಕೂತುಬಿಟ್ಟೆ.

ಆಗ ಕಂಡಿತು. ದೇವರ ಮಂಟಪದ ಮಣೆಗೆ ಒಂದು ಕಾಲು ಗಿಡ್ಡ. ಇವರೇ ರಟ್ಟು ಮಡಚಿ ಕೊಟ್ಟು ನಿಲ್ಲಿಸಿದ್ದರು. ರಟ್ಟು ಜಾರಿತು. ಮಂಟಪ ವಾಲಿತು. ಸಂಪುಟ ಬಿದ್ದು ಮುಚ್ಚಳ ತೆರೆದು ಸಾಲಿಗ್ರಾಮ ನೆಲಕ್ಕೆ. ಈ ಮಹಡಿಯ ನೆಲ ಮೊದಲೇ ಇಳಿವಾಟ. ಉರುಳಿತು — ತಡಿಕೆಯ ಅಡಿಯಿಂದ ನುಸುಳಿ, ನಡುಮನೆ ದಾಟಿ, ಇವರ ಮಂಚದ ಕೆಳಗೆ ಹೋಗಿ ನಿಂತಿತು.

ಉಂಡ ಬಾಯಿ, ಮೈಲಿಗೆ ಸೀರೆ, ಹೆಂಗಸು. ಮೂರೂ ಗೊತ್ತಿತ್ತು. ತೆವಳಿ ಹೋಗಿ ಎತ್ತಿಕೊಂಡೆ.

ಇಷ್ಟೇ ಇದೆ, ನೇರಳೆಹಣ್ಣಿಗಿಂತ ಸ್ವಲ್ಪ ದೊಡ್ಡದು. ತಣ್ಣಗಿತ್ತು. ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು "ನಾರಾಯಣ" ಅಂದೆ. ಎಷ್ಟು ಸಲವೋ. ನೆಲದ ನಡುಕ ಮೊದಲು ನಿಂತಿತೋ ನನ್ನದೋ ಗೊತ್ತಿಲ್ಲ. ಭಯ ಹೋಯಿತು. ಆ ಗಳಿಗೆಯಲ್ಲಿ ಭೂಮಿಯ ಮೇಲೆ ಅಲ್ಲಾಡದೆ ಇದ್ದದ್ದು ಅದೊಂದೇ ಅನ್ನಿಸಿತು.

ಇವರು ಎಡಗೈ ಚಾಚಿದರು. ಅಂಗೈಯಲ್ಲಿಟ್ಟೆ. ಸೊಟ್ಟಬಾಯಿಯಲ್ಲಿ "ತಂ...ಪು" ಅಂದರು. ಸಂಕ್ರಾಂತಿಯ ನಂತರ ನನಗೆ ಅರ್ಥವಾದ ಮೊದಲ ಮಾತು. ಇಬ್ಬರೂ ಅತ್ತೆವು.

ಮಾರ್ಚ್ 28, ಮಂಗಳವಾರ

ಪೇಪರಿನಲ್ಲಿ ಬಂದಿದೆ. ಭೂಕಂಪ ಆಂಧ್ರದ ಒಂಗೋಲಿನ ಕಡೆ ಹುಟ್ಟಿದ್ದಂತೆ. ಇಲ್ಲಿಗೆ ಬಂದದ್ದು ಬಾಲ ಮಾತ್ರ. ನಮ್ಮ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು.

ಆಚಾರ್ಯರಿಗೆ ನಡೆದದ್ದು ಹೇಳಿದೆ. ಮುಚ್ಚಿಡಬಹುದಿತ್ತು. ಬಾಯಿ ಕೇಳಲಿಲ್ಲ.

"ಮೈಲಿಗೇಲಿ ಮುಟ್ಟಿದ್ರಾ ತುಂಗಮ್ಮ? ಶುದ್ಧಿ ಆಗ್ಬೇಕು. ಆಗೋವರೆಗೂ ನಾನು ಇಲ್ಲಿ ಕೂರೋ ಹಾಗಿಲ್ಲ."

"ಮತ್ತೆ ಮಂಚದ ಕೆಳಗೇ ಬಿಡ್ಬೇಕಿತ್ತಾ?"

"ಯಾರಾದ್ರೂ ಗಂಡಸರು ಬರೋವರೆಗೂ ಕಾಯಬಹುದಿತ್ತಲ್ಲ."

ಭೂಮಿ ಕಾಯಲಿಲ್ಲ, ನಾನೇಕೆ ಕಾಯಲಿ. ಆಚಾರ್ಯರು ಪೂಜೆ ಮಾಡದೆ ಇಳಿದು ಹೋದರು.

ಹತ್ತು ಗಂಟೆಯಾಯಿತು. ದೇವರು ಉಪವಾಸ. ಇವರೂ ಉಪವಾಸ, ನೈವೇದ್ಯವಾಗದೆ ಬಾಯಿ ತೆರೆಯುವುದಿಲ್ಲ. ಕೊನೆಗೆ ಎದ್ದೆ. ತಲೆಗೆ ನೀರು ಸುರಿದುಕೊಂಡೆ, ಮಡಿ ಉಟ್ಟೆ, ತಡಿಕೆ ದಾಟಿದೆ. ಇವರು ಮಂಚದಿಂದ ಮಂತ್ರ ಹೇಳಿದರು, ಅರ್ಧ ಅಕ್ಷರ, ಅರ್ಧ ಉಸಿರು. ನಾನು ನೀರೆರೆದೆ, ಗಂಧವಿಟ್ಟೆ, ದೀಪ ತೋರಿಸಿದೆ. ಇಪ್ಪತ್ತೆಂಟು ವರ್ಷ ನೋಡಿದವಳಿಗೆ ಯಾವುದಾದ ಮೇಲೆ ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಆಚಾರ್ಯರಿಗಿಂತ ಚೆನ್ನಾಗಿ ಮಾಡಿದೆ. ಹೌದು, ಬರೆದಿಡುತ್ತೇನೆ.

ಸಂಜೆ ವಿನೋದಾ ಹೇಳಿದಳು, "ಇನಿಮೇ ನೀಯೇ ಪಣ್ಣು ಮಾ. ಹೂ ಕೇರ್ಸ್?" ಕನ್ನಡದಲ್ಲಿ ಕೇಳಿದರೆ ಎರಡು ಭಾಷೆಯಲ್ಲಿ ಉತ್ತರ ಕೊಡುವ ಹುಡುಗಿ. ಇನ್ನು ಮೇಲೆ ನಾನೇ ಮಾಡಬೇಕಂತೆ, ಯಾರು ಕೇಳುತ್ತಾರಂತೆ.

"ಕೇಳೋರು ಅಡ್ಯಾರಿನಲ್ಲಿದ್ದಾರೆ" ಅಂದೆ.

ಏಪ್ರಿಲ್ 2, ಭಾನುವಾರ

ಕೇಳಿದರು. ಆಚಾರ್ಯರು ಸುದ್ದಿ ಮುಟ್ಟಿಸಿದ್ದಾರೆ. ವಿಷ್ಣು ಚಪ್ಪಲಿ ಬಿಡುತ್ತಲೇ ಶುರುಮಾಡಿದ.

"ದೇವರೇ ಅಲ್ಲಾಡಿ ಹೇಳಿದ, ಅತ್ಗೆ. ಪೂಜೆ ಸರಿಯಿಲ್ಲದ ಮನೇಲಿ ಇರಲ್ಲ ಅಂತ."

"ಅಲ್ಲಾಡಿದ್ದು ಇಡೀ ಮದರಾಸು. ಎಲ್ಲರ ಮನೇಲೂ ಪೂಜೆ ಕೆಟ್ಟಿತ್ತಾ? ನಿನ್ನ ಅಡ್ಯಾರು ಅಲ್ಲಾಡ್ಲಿಲ್ವಾ?"

"ಮಂಟಪ ಬಿಟ್ಟು ಹೊರಟನಲ್ಲ."

"ಹೊರಟ. ಎಲ್ಲಿಗೆ ಹೋದ? ಅಡ್ಯಾರಿನ ಬಸ್ಸು ಹತ್ತಿದನಾ? ನಿಮ್ಮಣ್ಣನ ಮಂಚದ ಕೆಳಗೆ ಹೋಗಿ ಕೂತ. ಎರಡೂವರೆ ತಿಂಗಳಿಂದ ಇವರಿಗೆ ಅವನ ಹತ್ತಿರ ಹೋಗೋಕಾಗ್ಲಿಲ್ಲ. ಅವನೇ ಬಂದ."

ವಿಷ್ಣುವಿನ ಕಣ್ಣು ತುಂಬಿತು. ಆದರೂ ಬಿಡಲಿಲ್ಲ. "ಹೆಂಗಸರು ಮುಟ್ಟಿದ್ರೆ ಮನೇಗಾಗಲ್ಲ ಅಂತ ಅಪ್ಪ ಹೇಳ್ತಿದ್ರು. ಅಣ್ಣನಿಗೆ ಇನ್ನೇನಾದ್ರೂ ಆದ್ರೆ? ಶುಕ್ರವಾರ ಲೀವ್ ಹಾಕಿದೀನಿ. ಇಲ್ಲೇ ಸ್ನಾನ ಮಾಡಿ, ಮಡಿ ಉಟ್ಟು, ಹತ್ತೂವರೆಗೆ ರಾಹುಕಾಲ ಬರೋ ಮುಂಚೆ ತಗೊಂಡು ಹೊರಡ್ತೀನಿ. ಯುಗಾದಿಗೆ ನಮ್ಮನೇಲಿ ಪೂಜೆ."

ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಿರುಗಿಸಿದರೆ ದಿಂಬು ಒದ್ದೆ.

ಏಪ್ರಿಲ್ 4, ಮಂಗಳವಾರ

ಇವರಿಗೆ ಜ್ವರ. ನೂರೆರಡು. ಉಸಿರಿನಲ್ಲಿ ಗೊರಗೊರ.

ವಿಷ್ಣುವಿನ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಹೆದರಿದ್ದೇನೆ. ನೆಲ ನಡುಗಿದಾಗ ಇಷ್ಟು ಹೆದರಿರಲಿಲ್ಲ. ನನ್ನ ಕೈಯಿಂದಲೇ ಹೀಗಾಯಿತೇ... ಮಡಿ ಉಟ್ಟು ತಡಿಕೆಯ ಈಚೆಯೇ ನಿಂತುಬಿಟ್ಟೆ.

ಇವರು ಕಣ್ಣು ತೆರೆದರು. ಎಡಗೈ ಎತ್ತಿ ದೇವರಮನೆ ತೋರಿಸಿದರು. ಇಳಿಸಲಿಲ್ಲ, ನಾನು ಒಳಗೆ ಹೋಗುವವರೆಗೆ.

ಏಪ್ರಿಲ್ 6, ಗುರುವಾರ

ಜ್ವರ ಬಿಟ್ಟಿತು. ಎದೆಯಲ್ಲಿ ಕಫ ಕಟ್ಟಿದೆ ಎಂದರು ಡಾಕ್ಟರು. ಕಫಕ್ಕೆ ಹೆಂಡತಿಯ ಕೈ ಕಾರಣವೆಂದು ಅವರ ಪುಸ್ತಕದಲ್ಲಿಲ್ಲ.

ನಾಳೆ ಶುಕ್ರವಾರ. ವಾದಕ್ಕೆ ಕೂತರೆ ಸೋಲುತ್ತೇನೆ, ಶಾಸ್ತ್ರ ಅವನ ಕಡೆಗಿದೆ. ಆದರೆ ಆ ಶಾಸ್ತ್ರವನ್ನು ಇಷ್ಟು ವರ್ಷ ದಿನವೂ ಉಟ್ಟು ಒಗೆದವಳು ನಾನು. ಅವನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ.

ಏಪ್ರಿಲ್ 7, ಶುಕ್ರವಾರ. ಬೆಳಿಗ್ಗೆ ಒಂಬತ್ತು ಹದಿನೈದು

ನಲ್ಲಿ ನಿಂತಿತು. ಇವತ್ತು ನಾಲ್ಕೇ ಕೊಡ ಹಿಡಿದೆ. ಅಡುಗೆಗೆ, ಕುಡಿಯಲು, ಇವರ ಮೈ ಒರೆಸಲು ಆಯಿತು. ಮಿಕ್ಕದ್ದನ್ನು ತುಳಸಿಗೆ ಸುರಿದೆ. ತುಳಸಿ ಬೇಡ ಅನ್ನಲಿಲ್ಲ. ಬಚ್ಚಲಲ್ಲಿ ಉಳಿದದ್ದು ಒಂದೇ ಬಕೆಟ್ಟು. ಅದು ನನ್ನದು.

ವಿಷ್ಣು ಬಸ್ಸಿನಲ್ಲಿ ನೂರು ಜನರನ್ನು ತಾಕಿಕೊಂಡು ಬರುತ್ತಾನೆ. ಸ್ನಾನವಿಲ್ಲದೆ ದೇವರನ್ನು ಮುಟ್ಟುವಂತಿಲ್ಲ. ಮಡಿಯಲ್ಲಿ ಕೂತ ನನ್ನನ್ನೂ ಮುಟ್ಟುವಂತಿಲ್ಲ. ನಾನು ತಡಿಕೆಯೊಳಗೆ ಸಾಲಿಗ್ರಾಮ ಮುಂದಿಟ್ಟುಕೊಂಡು ಪೂಜೆ ಮಾಡುತ್ತಿರುತ್ತೇನೆ, ನಿಧಾನವಾಗಿ, ಇವರು ಮಾಡುತ್ತಿದ್ದ ಹಾಗೆ. ಮಡಿಪಂಚೆ ತಂದಿರುತ್ತಾನೆ, ನೀರು ತಂದಿರುವುದಿಲ್ಲ. ಹತ್ತೂವರೆಗೆ ರಾಹುಕಾಲ. ನಾಡಿದ್ದು ಅಮಾವಾಸ್ಯೆ. ಸೋಮವಾರ ಯುಗಾದಿ, ದೇವರಿಗೆ ಈ ಮನೆಯಲ್ಲೇ ಒಬ್ಬಟ್ಟು. ಮುಂದಿನ ಶುಕ್ರವಾರ ಬಂದರೆ ಬರಲಿ. ಆಗಲೂ ನಲ್ಲಿ ಒಂಬತ್ತಕ್ಕೇ ನಿಲ್ಲುತ್ತದೆ.

ಇಪ್ಪತ್ತೆಂಟು ವರ್ಷ ಈ ಮಡಿ ನನ್ನನ್ನು ತಡಿಕೆಯ ಈಚೆ ನಿಲ್ಲಿಸಿತು. ಇವತ್ತು ನನ್ನ ಪರವಾಗಿ ಬಾಗಿಲು ಕಾಯಲಿ.

ಈ ಡೈರಿ ಮೈಲಿಗೆ, ಮಡಿ ಉಟ್ಟ ಮೇಲೆ ಮುಟ್ಟುವ ಹಾಗಿಲ್ಲ. ಏಳಬೇಕು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಇಷ್ಟು ಬೇಗ? ನನ್ನ ಸ್ನಾನ ಇನ್ನೂ ಆಗಿಲ್ಲ. ವಿನೋದಾ ಚಿಲಕದ ಮೇಲೆ ಕೈಯಿಟ್ಟು ನನ್ನ ಮುಖ ನೋಡುತ್ತಿದ್ದಾಳೆ.

"ಅತ್ಗೆ" ಎಂದ ಹೊರಗಿನಿಂದ.

ಮಂಚದಿಂದ ಇವರು ಕೂಗಿದರು. ತೊದಲಲಿಲ್ಲ. "ತಡಿಯೋ, ವಿಷ್ಣು."

ಮಾತು ಬಂದಿದೆ. ಇವರಿಗೆ ಮಾತು ಬಂದಿದೆ. ಬಕೆಟ್ಟು ತುಂಬಿದೆ, ನಾನು ಬಚ್ಚಲಿಗೆ —