ನೀನು ಕಳಿಸಿದ ಬೀಜದ ಹೂವು

ಬಂಕಾಪುರ
೧೦ ಮಾರ್ಚ್ ೨೦೨೫, ಸೋಮವಾರ

ಪ್ರೀತಿಯ ನಾಗರತ್ನಕ್ಕಾ,

ಹೇಗಿದ್ದೀ? ಗುಳಿಗೆ ತಪ್ಪಿಸುತ್ತಿಲ್ಲ ತಾನೆ? ಧಾರವಾಡದ ಆಸ್ಪತ್ರೆಯ ಸಾರಿನಲ್ಲಿ ಖಾರವೇ ಇಲ್ಲವೆಂದು ನೀನು ಬರೆದಿದ್ದೆ. "ಊಟಕ್ಕ ಹೆಸರಿಡಾಕತ್ತಾಳ ಅಂದ್ರ ಆರಾಮ ಆಗ್ಯಾಳ ಬಿಡು" ಎಂದು ಅವ್ವ ನಕ್ಕಳು. ಅವಳ ಮೊಣಕಾಲು ನೋವು ಹಾಗೇ ಇದೆ. ನನ್ನ ಮಗಳು ಭಾಗ್ಯಶ್ರೀ ಬಿ.ಎಡ್. ಮುಗಿಸಿದಳು. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಹೇಳಲಾಗದೆಂದು ಕಾಗದ ಹಿಡಿದೆ.

ದಸರೆಯಲ್ಲಿ ನೀನು ಪೊಟ್ಟಣ ಕಟ್ಟಿ ಬೀಜ ಕಳಿಸಿದ್ದೆ. "ಇಲ್ಲಿ ಮಾಲಿ ಕೊಟ್ಟಾನ, ಹೆಸರು ಅವಗೂ ಗೊತ್ತಿಲ್ಲ. ಹೂ ಬಿಟ್ಟಾಗ ಹೆಂಗೈತಿ ಬರಿ, ಆಮ್ಯಾಲ ನನ್ನ ಕರಕೊಂಡ ಹೋಗಾಕ ಬಾ" ಎಂದು ಬರೆದಿದ್ದೆ. ಹುಟ್ಟಿದಾಗಿನಿಂದ ಎಳ್ಳು, ಜೋಳ ಬಿತ್ತಿದ ಕೈ ನನ್ನದು. ನಶ್ಯದ ಪುಡಿಯಂಥ ಆ ಬೀಜವನ್ನೂ ಎಳ್ಳಿನಂತೆ ಸಾಲು ಹೊಡೆದು ಹಾಕಿ, ಮೇಲೆ ಮಣ್ಣೆಳೆದು ಮುಚ್ಚಿಬಿಟ್ಟೆ. ಒಂದೂ ಏಳಲಿಲ್ಲ. ಪೊಟ್ಟಣದ ಮಡಿಕೆಯಲ್ಲಿ ಉಳಿದದ್ದನ್ನು ಅವ್ವ ಒಡೆದ ಬಕೆಟ್ಟಿನ ಮಣ್ಣಿನ ಮೇಲೆ ಸುಮ್ಮನೆ ಉದುರಿಸಿದಳು, ಮುಚ್ಚಲಿಲ್ಲ. ಅದು ಎದ್ದಿತು. ಆ ಬೀಜಕ್ಕೆ ಬೆಳಕು ಬೇಕಂತೆ, ಬಿತ್ತುವುದರಲ್ಲಿ ಶಾಣ್ಯಾ ಅನಿಸಿಕೊಂಡ ನನಗೆ ಗೊತ್ತಾಗಲಿಲ್ಲ.

ಮೊಣಕಾಲೆತ್ತರದ ಗಿಡ, ಸಪೂರ ಎಲೆ. ಹೂವು ದಂಟಿನ ಕೆಳಗಿನಿಂದ ಅರಳುತ್ತ ಮೇಲೇರುತ್ತದೆ. ಕೆಳಗಿನವು ಬಾಡುವಾಗಲೂ ತುದಿಯಲ್ಲಿ ಮೊಗ್ಗು ಇರುತ್ತದೆ. ಎಳ್ಳಿನ ಜಾತಿಯೇ ಇರಬೇಕೆಂದು, ಹೈವೇ ಬದಿ ನರ್ಸರಿ ಇಟ್ಟಿರುವ ಶಾಕೀರಾಳಿಗೆ ಒಂದು ದಂಟು ಒಯ್ದು ತೋರಿಸಿದೆ. "ಎಳ್ಳಿನ ಹೂವಿನ ಬಾಯಿ ತೆರದಿರತೈತಿ ಅಣ್ಣಾ, ಇದರದು ಮುಚ್ಚಿರತೈತಿ, ನೋಡ್ರಿ" ಎಂದು ಮಗುವಿನ ಗಲ್ಲ ಹಿಂಡಿದ ಹಾಗೆ ಹೂವನ್ನು ಎರಡೂ ಕಡೆ ಒತ್ತಿದಳು. ಬಾಯಿ ತೆರೆಯಿತು, ಬಿಟ್ಟ ಕೂಡಲೇ ಮುಚ್ಚಿಕೊಂಡಿತು. ಸ್ನ್ಯಾಪ್‌ಡ್ರ್ಯಾಗನ್ ಅಂತೆ, ನಾಯಿಹೂ ಅಂತಲೂ ಕರೆಯುತ್ತಾರಂತೆ. ಮೇಲ್ತುಟಿ ಎರಡು ಸೀಳು, ಕೆಳತುಟಿ ಮೂರು, ನಡುವೆ ಹಳದಿ ಉಬ್ಬು. ನಮ್ಮಲ್ಲಿ ಕುಂಕುಮದ ಬಣ್ಣದವು ನಾಲ್ಕು ಗಿಡ, ಬಿಳಿಯದು ಒಂದು. ವಾಸನೆ ಇದ್ದೂ ಇಲ್ಲದ ಹಾಗೆ. ಸಣ್ಣ ಹುಳಕ್ಕೆ ಆ ಬಾಯಿ ತೆರೆಯಲಾಗದು, ಭಾರದ ದುಂಬಿಯೇ ಬಂದು ಕೂರಬೇಕು. ಚಳಿಗಾಲದ ಗಿಡ, ಯುಗಾದಿಯ ಬಿಸಿಲು ತಾಳುವುದಿಲ್ಲ ಎಂದಳು. ಈಗಾಗಲೇ ಬುಡ ಒಣಗುತ್ತಿದೆ.

ಹೂ ಬಿಟ್ಟದ್ದು ಫೆಬ್ರವರಿ ಮೊದಲ ವಾರ. ಬರೆಯುತ್ತಿರುವುದು ಇವತ್ತು. ನಾಚಿಕೆಯಾಗುತ್ತದೆ ಅಕ್ಕಾ. ನಿಮ್ಮ ಡಾಕ್ಟರ್ ಮೂರು ಸಲ ಫೋನ್ ಮಾಡಿದರು, "ಆರಾಮ ಆಗ್ಯಾರ, ಕರಕೊಂಡ ಹೋಗ್ರಿ" ಅಂತ. ಒಮ್ಮೆ ಸುಗ್ಗಿ ಅಂದೆ, ಒಮ್ಮೆ ಅವ್ವನ ಮೊಣಕಾಲು ಅಂದೆ. ಮೂರನೇ ಸಲ ಎತ್ತಲೇ ಇಲ್ಲ.

ಬೈಯಬೇಕು ಅನ್ನಿಸಿದಷ್ಟು ಬೈ, ಗುಳಿಗೆ ಮಾತ್ರ ಬಿಡಬೇಡ. ಅವ್ವ ನಿನ್ನ ತಲೆ ಸವರಿದಳೆಂದು ತಿಳಿ.

ನಿನ್ನ ತಮ್ಮ,
ಪ್ರಭು

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಇದನ್ನಾದರೂ ಬರೆದುಬಿಡುತ್ತೇನೆ. ಭಾಗ್ಯಶ್ರೀಗೆ ಬಂದಿದ್ದ ಸವಣೂರಿನ ಸಂಬಂಧ ನೀನು ಮಾನಸಿಕ ಆಸ್ಪತ್ರೆಯಲ್ಲಿರುವ ಸುದ್ದಿ ಕೇಳಿ ಎದ್ದು ಹೋಯಿತು. ಹೋದ ತಿಂಗಳು ಹಿರೇಕೆರೂರಿನವರು ಬಂದರು. ಮನೆತನ ವಿಚಾರಿಸುತ್ತ, "ನಿಮ್ಮವ್ವಗ ನೀವೊಬ್ರ ಏನ್ರಿ?" ಎಂದು ಕೇಳಿದರು. "ಹೌದ್ರಿ, ನಾ ಒಬ್ಬನ" ಎಂದೆ. ಅವ್ವ ಪಕ್ಕದಲ್ಲೇ ಕೂತಿದ್ದಳು, ಅಲ್ಲ ಅನ್ನಲಿಲ್ಲ. ಮದುವೆ ಮೇ ತಿಂಗಳಲ್ಲಿ. ಅದು ಮುಗಿದ ಮೇಲೂ ನಿನ್ನನ್ನು ಕರೆತರಲು ನನ್ನಿಂದಾಗದು. ಬೀಗರು ಮನೆಗೆ ಬಂದರೆ ನೀನು ಯಾರೆಂದು ಹೇಳಲಿ ಅಕ್ಕಾ?