ಕ್ಲಚ್ಚಿಗೆ ಕಟ್ಟಿದ ಮರದ ತುಂಡು

ಅಮ್ಮಾ,

ನಮ್ಮ ಹಳೇ ಟ್ರ್ಯಾಕ್ಟರಿನ ಫೋಟೋ ಇವತ್ತು ಮ್ಯೂಸಿಯಂ ಗೋಡೆ ಏರಿತು. ಸೀಟಿನ ಮೇಲೆ ಅಪ್ಪ ಮೀಸೆ ತಿರುವಿಕೊಂಡು ಕೂತಿದ್ದಾರೆ, ಪಕ್ಕದಲ್ಲಿ ಎರಡು ಜಡೆಯ ನಾನು. ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಪ್ಪನಿಗೆ ಗೇರ್ ಹಾಕಲೂ ಬರುತ್ತಿರಲಿಲ್ಲವಲ್ಲ!

ಫೋಟೋ ಕೆಳಗೆ ಅಂಟಿಸಲು ಚೀಟಿ ಬರೆಯುತ್ತಿದ್ದ ಮ್ಯೂಸಿಯಂ ಹುಡುಗಿಯ ಕಣ್ಣು ಬಲು ಚುರುಕು. "ಮೇಡಂ, ಕ್ಲಚ್ಚಿಗೆ ಮರದ ತುಂಡು ಯಾಕೆ ಕಟ್ಟಿದಾರೆ? ನಿಮ್ಮಪ್ಪ ಇಷ್ಟುದ್ದ ಇದಾರೆ, ಕಾಲು ಎಟುಕ್ತಿರ್ಲಿಲ್ವಾ?" ಎಂದು ಕೇಳಿದಳು.

ನಿನ್ನ ಕಾಲಿಗೆ ಎಟುಕದೆ ನೀನೇ ಹಗ್ಗ ಸುತ್ತಿ ಬಿಗಿದ ತುಂಡು ಅದು. ಹನ್ನೊಂದು ವರ್ಷ ಅದನ್ನು ತುಳಿದೇ ಹೊಲ ಉತ್ತವಳು ನೀನು. ಫೋಟೋ ತೆಗೆಯುವವರು ಬಂದಾಗಲೂ ಸೀಟಿನಲ್ಲಿದ್ದವಳು ನೀನೇ. "ಇಳಿಯಮ್ಮಾ, ನಮ್ಮ ಸ್ಕೂಲಿನವರು ನೋಡಿದ್ರೆ ನಗ್ತಾರೆ" ಎಂದವಳು ನಾನು. ನೀನು ಇಳಿದು, ಸೀಟಿನ ಧೂಳು ಒರೆಸಿ ಅಪ್ಪನಿಗೆ ಬಿಟ್ಟುಕೊಟ್ಟೆ.

ಸುತ್ತ ಜನ ಸೇರಿದ್ದರು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಳೇ ಗಾಡಿ ಅಲ್ವೇನಮ್ಮ, ಏನೋ ರಿಪೇರಿ ಇರಬೇಕು" ಎಂದೆ.

ಅವಳು 'ಚಾಲಕ' ಎಂದು ಬರೆದು, ಮುಂದೆ ಅಪ್ಪನ ಹೆಸರು ಸೇರಿಸಿ ಚೀಟಿ ಅಂಟಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಮ್ಮಾ.