ಹುಣಸೆ ಬರಲು

3 ಡಿಸೆಂಬರ್ 2024, ಮಂಗಳವಾರ

ಹನ್ನೊಂದು ಕಿಲೋಮೀಟರ್. ಒಂದು ಗಂಟೆ ಹನ್ನೆರಡು ನಿಮಿಷ. ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ, ಬೀಳುತ್ತೆ. ಬೀಳಲಿ.

ಆರೂವರೆಗೆ ಡೇರಿ ಬಾಗಿಲು ತೆಗೆದೆ. ರೇಣುಕಯ್ಯ ಇವತ್ತೂ ಹಾಲಿಗೆ ನೀರು ಬೆರೆಸಿ ತಂದಿದ್ದ. ಲ್ಯಾಕ್ಟೋಮೀಟರ್ ತೋರಿಸಿದೆ. "ಪ್ಯಾಂಟ್ ಹಾಕ್ಕಂಡು ರೋಡಲ್ಲಿ ಓಡೋಳು ನಂಗೆ ನ್ಯಾಯ ಹೇಳ್ತೀಯಾ" ಅಂದ. ಕ್ಯಾನ್ ಎತ್ತಿ ಚರಂಡಿಗೆ ಸುರಿದೆ. ಆಮೇಲೆ ಕೈ ನಡುಗಿತು. ಸಿಟ್ಟು ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ. ಗಂಡನ ಮನೆ ಬಿಟ್ಟಿದ್ದೂ ಹಾಗೇ — ಅವನು ಒಂದು ಹೊಡೆದ, ನಾನು ಎರಡು ಕೊಟ್ಟೆ, ಬಸ್ಸು ಹತ್ತಿದೆ.

ಓಡಿದ ದಿನ ಸ್ವಲ್ಪ ತಣ್ಣಗಿರುತ್ತೇನೆ. ಅದಕ್ಕೇ ಓಡುವುದು. ಜನವರಿ 19ಕ್ಕೆ ಮಧುಗಿರಿಯಿಂದ ಚನ್ನರಾಯನದುರ್ಗಕ್ಕೆ ಹಾಫ್ ಮ್ಯಾರಥಾನ್. ಹೆಸರು ಕೊಟ್ಟಾಯಿತು. ಮೂವತ್ತನಾಲ್ಕಕ್ಕೆ ಈ ಹುಚ್ಚು.

ಅಮ್ಮ ಗೊಣಗಿದಳು. ತಮ್ಮ ಅನಿಲ ಫೋನಿನಲ್ಲಿ ಮುಳುಗಿದ್ದ. ಅವನಿಗೆ ಹೆಣ್ಣು ನೋಡುತ್ತಿದ್ದೇವೆ. ಶಿರಾದವಳು, ಮಾನಸ. ಅವನ ತಲೆಯೆಲ್ಲ ಅಲ್ಲೇ.

11 ಡಿಸೆಂಬರ್, ಬುಧವಾರ, ಬೆಳಿಗ್ಗೆ 9

ಹೊಡೆದ. ಯಾವನೋ.

ಕೆರೆ ಏರಿ. ಇನ್ನೂ ನಸುಕು. ಹಿಂದಿನಿಂದ ಬೈಕು ಬಂತು, ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಮೀನಖಂಡಕ್ಕೆ ಛಳಕ್ ಅಂತ ಕೋಲಿನೇಟು ಬಿತ್ತು. ಮುಗ್ಗರಿಸಿದೆ. ಇನ್ನೊಂದು ಬೆನ್ನಿಗೆ. ಬಿದ್ದೆ, ಮೊಣಕೈ ಕಿತ್ತುಹೋಯಿತು. ಹೆಲ್ಮೆಟ್, ಒಳಗೆ ಮುಖಕ್ಕೆ ಟವೆಲ್. ಒಂದು ಮಾತೂ ಆಡದೆ ಹೋದ. ಮುಟ್ಟಲಿಲ್ಲ, ಬೈಯಲಿಲ್ಲ, ಬರೀ ಹೊಡೆದ.

ಬಾಸುಂಡೆ ಬೆರಳು ದಪ್ಪ. ಹೊಲದ ಮೋಟರ್ ಹಾಕಲು ಹೋಗಿದ್ದ ಅನಿಲ ಬಂದು ನೋಡಿ ಬೆಚ್ಚಿದ. ತಾನೇ ಅರಿಶಿನ, ಹರಳೆಣ್ಣೆ ಹಚ್ಚಿದ. "ಯಾವ್ ನನ್ಮಗ ಅಂತ ಗೊತ್ತಾಗ್ಲಿ, ಕೈ ಮುರಿದಾಕ್ತೀನಿ. ಅಲ್ಲೀಗಂಟ ಓಡೋದು ಬುಡಕ್ಕ."

ಸ್ಟೇಷನ್‌ಗೆ ಹೋಗುತ್ತೇನೆ ಅಂದರೆ ಅಮ್ಮ ಕಾಲಿಗೆ ಬೀಳುವುದೊಂದು ಬಾಕಿ. ಮದುವೆ ಮಾತು ನಡೆಯುವ ಮನೆಯಂತೆ.

ಬಿಡಲ್ಲ. ಅವನು ಸಿಕ್ಕ ದಿನ ತಲೆ ಒಡೆಯುತ್ತೇನೆ. ಬರೆದಿಟ್ಟಿದ್ದೇನೆ.

27 ಡಿಸೆಂಬರ್, ಶುಕ್ರವಾರ

ಮತ್ತೆ. ಅದೇ ಏರಿ. ಈ ಸಲ ಕುತ್ತಿಗೆಗೆ. ಎರಡನೇದು ಬೀಳುವ ಮೊದಲೇ ತಿರುಗಿ ಕೋಲು ಹಿಡಿದೆ. ಎಳೆದಾಡಿದ. ಅಂಗೈ ಸೀಳಿತು, ಬಿಡಲಿಲ್ಲ. ಕೋಲು ನನ್ನ ಕೈಗೆ ಬಂತು, ಅವನು ಗಾಡಿ ಏರಿಸಿಕೊಂಡು ಹೋದ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿದ್ದ. ಆದರೆ ಹಿಂದಿನ ಚಕ್ರಕ್ಕೆ ಜೋತಾಡುವ ರಬ್ಬರ್ ಮಡ್‌ಫ್ಲಾಪ್ ಕಂಡಿತು — ಬಿಳಿ ಗರುಡನ ಚಿತ್ರ, ಒಂದು ರೆಕ್ಕೆ ಹರಿದುಹೋಗಿದೆ.

ಕೋಲು ಮನೆಗೆ ತಂದೆ. ಹಸಿ ಹುಣಸೆ ಬರಲು, ಬಳುಕುವ ಸಪೂರ ಕೊಂಬೆ. ಎಲೆ ಸವರಿದ್ದಾನೆ, ತುದಿಯಲ್ಲಿ ಒಂದು ಕುಚ್ಚು ಹಾಗೇ ಬಿಟ್ಟಿದ್ದಾನೆ. ಪೂರ್ತಿ ಸವರಲೂ ಪುರುಸೊತ್ತಿಲ್ಲದ ಅರೆಗೆಲಸದ ನಾಯಿ.

ಅಮ್ಮ ಅದನ್ನು ನೋಡಿದಳು. ಕೈಯಿಂದ ಕಿತ್ತುಕೊಂಡು ಮುರಿದು ಒಲೆಗೆ ಹಾಕಿದಳು.

8 ಜನವರಿ 2025, ಬುಧವಾರ

ಹದಿನೆಂಟು ಕಿಲೋಮೀಟರ್. ಸೊಂಟದ ಚೀಲದಲ್ಲಿ ನೀರಿನ ಬಾಟಲಿ ಬದಲು ಕಲ್ಲು. ಚಿಕ್ಕಂದಿನಲ್ಲಿ ಸಜ್ಜೆ ಹೊಲ ಕಾದವಳು, ಕವಣೆ ಬೀಸಿ ಹಕ್ಕಿ ಓಡಿಸಿದ ಕೈ. ಗುರಿ ಉಳಿದಿದೆಯಾ ಅಂತ ಮೈಲಿಗಲ್ಲಿಗೆ ಹೊಡೆದು ನೋಡಿದೆ. ಐದಕ್ಕೆ ನಾಲ್ಕು.

ಬೈಕು ಬರಲಿಲ್ಲ. ಬರಲಿ ಬರಲಿ ಅಂತ ಕಾಯುತ್ತಾ ಓಡಿದೆ... ಅದೇ ನಾಚಿಕೆ.

19 ಜನವರಿ, ಭಾನುವಾರ, ಮಧ್ಯಾಹ್ನ 2

ಗೆಣ್ಣು ಊದಿದೆ, ಪೆನ್ನು ಹಿಡಿಯಲಾಗುತ್ತಿಲ್ಲ. ಆದರೂ ಆದದ್ದು ಆದಂತೆ ಬರೆಯಬೇಕು.

ಆರಕ್ಕೆ ಬಿಟ್ಟರು. ಹೆಂಗಸರು ನಲವತ್ತು ಮಂದಿ. ಎಂಟನೇ ಕಿಲೋಮೀಟರಿನಲ್ಲಿ ಮುಂದಿದ್ದ ತುಮಕೂರಿನ ಹುಡುಗಿ ಹೊಟ್ಟೆ ಹಿಡಿದು ಕೂತಳು. ನಾನೇ ಮೊದಲು. ಹೆಂಗಸರಲ್ಲಿ ಮೊದಲಿರುವವಳ ಮುಂದೆ ದಾರಿ ತೋರಿಸಲು ಒಂದು ಪೈಲಟ್ ಬೈಕು ಹೋಗುತ್ತದೆ. ಅದು ನನ್ನ ಮುಂದೆ ಬಂತು. ಮಡ್‌ಫ್ಲಾಪಿನಲ್ಲಿ ಬಿಳಿ ಗರುಡ. ಒಂದು ರೆಕ್ಕೆ ಇಲ್ಲ.

ಓಡಿಸುತ್ತಿದ್ದವನು ಪಕ್ಕದ ಹಳ್ಳಿಯ ಮಲ್ಲೇಶ. ಅನಿಲನ ಗೆಳೆಯ. ನಮ್ಮ ಮನೆಯಲ್ಲಿ ನನ್ನ ಕೈಯಿಂದಲೇ ಬಡಿಸಿಕೊಂಡು ಉಂಡವನು. ಅವನ ಗಾಡಿಯ ಹಿಂಭಾಗ ನಾನ್ಯಾವತ್ತು ನೋಡಿದ್ದೆ.

ನಿಧಾನ ಮಾಡಿದರೆ ಇನ್ನೊಬ್ಬಳು ಮುಂದೆ ಹೋಗುತ್ತಾಳೆ, ಬೈಕು ಅವಳ ಪಾಲು. ಅವನು ಕಣ್ಣೆದುರಿಗಿರಬೇಕಾದರೆ ನಾನು ಮೊದಲೇ ಇರಬೇಕು. ಒಂಬತ್ತು ಕಿಲೋಮೀಟರ್ ಆ ಒಂಟಿ ರೆಕ್ಕೆ ನೋಡಿಕೊಂಡು ಓಡಿದೆ. ಇಷ್ಟು ಜೋರಾಗಿ ಯಾವತ್ತೂ ಓಡಿಲ್ಲ. ಅವನು ತಿರುತಿರುಗಿ, "ಸೂಪರ್ ಕಣಕ್ಕ, ಇಂಗೇ ಬಾ" ಅನ್ನುತ್ತಿದ್ದ. ಅಂದಾಗಲೆಲ್ಲ ಚೀಲದ ಕಲ್ಲು ಮುಟ್ಟಿ ನೋಡಿಕೊಂಡೆ.

ಹದಿನೇಳು ದಾಟಿದ ಮೇಲೆ ಕುರಿಮಂದೆ ಅಡ್ಡ ಬಂತು. ಬೈಕು ನಿಂತಿತು. ಹೆಲ್ಮೆಟ್ ತೆಗೆದು ಹಣೆ ಒರೆಸಿಕೊಂಡ. ಹತ್ತು ಮಾರು. ಎಸೆದೆ.

ಕಿವಿಯ ಮೇಲೆ ಬಿತ್ತು. ಗಾಡಿ ಸಮೇತ ಉರುಳಿದ. ಕುರಿ ಚೆದುರಿದವು. ಎದೆ ಮೇಲೆ ಕೂತು ಹೊಡೆದೆ. ಮುಖಕ್ಕೆ, ಬಾಯಿಗೆ, ಮತ್ತೆ ಬಾಯಿಗೆ. ಅವನ ಹಲ್ಲು ನನ್ನ ಗೆಣ್ಣಿಗೆ ನಾಟಿತು. ಖುಷಿಯಾಯಿತು — ಸುಳ್ಳು ಯಾಕೆ ಬರೆಯಲಿ. ಕುರಿ ಹಿಂದೆ ಬರುತ್ತಿದ್ದ ಹೆಂಗಸು, ಹೊನ್ನಕ್ಕ ಅಂತೆ, ನನ್ನ ಜುಟ್ಟು ಹಿಡಿದು ಎಳೆದಳು. "ಸತ್ತೋಗ್ತಾನೆ ಬುಡೇ."

"ನಾನೇನ್ ಮಾಡ್ದೆ ಅಕ್ಕ" ಅಂದ, ರಕ್ತ ಉಗುಳುತ್ತಾ.

"ಇದೇ ಗಾಡೀಲಿ ಬಂದು ಎರಡ್ ಸಲ ಹೊಡೆದ್ಯಲ್ಲೋ. ಕೆರೆ ಏರಿ ಮೇಲೆ."

"ನಾನ್ಯಾಕ್ ಹೊಡೀಲಿ. ಬೆಳಿಗ್ಗೆ ಹೊತ್ತು ಗಾಡಿ ಇಸ್ಕಂಡು ಹೋಗ್ತಿದ್ದಿದ್ದು ಅನಿಲ ಕಣಕ್ಕ. ಅಕ್ಕ ಒಬ್ಳೇ ಓಡ್ತಾಳೆ, ಹಿಂದೆ ಕಾವಲಿಗೆ ಹೋಗ್ಬೇಕು ಅಂತಿದ್ದ."

ಕಾವಲಿಗೆ.

ಆಗ ನೆನಪಾಯಿತು. ಅಪ್ಪ ಬರಲು ಸವರುವಾಗ ತುದಿಯ ಎಲೆ ಬಿಡುತ್ತಿದ್ದ. "ಎಲೆ ಇದ್ರೆ ಸುಯ್ ಅಂತೈತೆ. ಸದ್ದಿಗೇ ಅರ್ಧ ಭಯ." ಅಪ್ಪ ಸತ್ತು ಆರು ವರ್ಷ. ನನಗೂ ಅನಿಲನಿಗೂ ಅದೇ ಬರಲಲ್ಲಿ ಬಡಿದು ಬೆಳೆಸಿದ. ಹಾಗೆ ಸವರುವವರು ಊರಲ್ಲಿ ಬೇರೆ ಯಾರೂ ಇಲ್ಲ. ಅಮ್ಮ ನೋಡಿದ ಕೂಡಲೇ ಒಲೆಗೆ ಹಾಕಿದ್ದು ಅದಕ್ಕೆ. ನಾನೊಬ್ಬಳು ಪೆದ್ದಿ, ಅರೆಗೆಲಸ ಅಂದುಕೊಂಡೆ.

ಎದೆಯ ನಂಬರ್ ಕಿತ್ತು ಅಲ್ಲೇ ಎಸೆದೆ. ನಾಲ್ಕು ಕಿಲೋಮೀಟರ್ ಬಾಕಿ ಇತ್ತು. ಆಂಬುಲೆನ್ಸಿನಲ್ಲಿ ಮಲ್ಲೇಶನ ಜೊತೆ ಹೋದೆ. ಏಳು ಹೊಲಿಗೆ, ಒಂದು ಹಲ್ಲಿಲ್ಲ. ಡಾಕ್ಟರ್ ಕೇಳಿದರೆ, ಕುರಿ ಅಡ್ಡ ಬಂದು ಬಿದ್ದೆ ಅಂದ. ಅವನ ಮುಖ ನೋಡಲಾಗಲಿಲ್ಲ.

ಸಂಜೆ 5.30

ಅನಿಲ ಬೆಳಿಗ್ಗೆಯೇ ಶಿರಾಕ್ಕೆ ಹೋಗಿದ್ದಾನೆ. ಇವತ್ತು ಮಾನಸಳ ಮನೆಯವರು ಒಪ್ಪಿಗೆ ಹೇಳುವ ದಿನ.

ಅಮ್ಮನನ್ನು ಕೇಳಿದೆ. ಅಕ್ಕಿ ಆರಿಸುವುದು ನಿಲ್ಲಿಸಲಿಲ್ಲ. "ನಿಮ್ಮಕ್ಕ ರೋಡಲ್ಲಿ ಯಾಕ್ ಓಡ್ತಾಳೆ ಅಂತ ಶಿರಾದವ್ರು ಅನಿಲನ್ನ ಕೇಳಿದ್ರಂತೆ. ಎರಡೇಟು ಬಿದ್ರೆ ತಾನೇ ನಿಂತ್ಕಂತಾಳೆ ಅಂದ. ಆ ಬರಲು ನೋಡ್ದ ಮೇಲೆ ನಾನೇ ಕೇಳಿದ್ದು. ಬ್ಯಾಡ ಕಣ್ಲಾ ಅಂದೆ."

"ನನಗ್ಯಾಕೆ ಹೇಳಲಿಲ್ಲ?"

"ನೀನು ಸುಮ್ಕಿರೋಳಾ?"

ಸುಮ್ಮನಿರುವವಳಲ್ಲ.

ಹಿತ್ತಲ ಹುಣಸೆ ಮರದಿಂದ ಒಂದು ಬರಲು ಮುರಿದು ತಂದೆ. ಬುಡದಿಂದ ಸವರಿದೆ. ತುದಿಯ ಎಲೆ ಬಿಟ್ಟೆ. ಬೀಸಿ ನೋಡಿದೆ, ಸುಯ್ ಅಂದಿತು. ಇವತ್ತು ಏನೂ ತಪ್ಪು ಮಾಡದವನ ತಲೆ ಒಡೆದಿದ್ದೇನೆ, ಆ ಪಾಪ ನನ್ನದೇ, ಯಾರ ಮೇಲೂ ಹಾಕಲ್ಲ. ಆದರೆ ಇದರ ಬಾಬತ್ತು ಬೇರೆ. ರೇಣುಕಯ್ಯನ ಹಾಲು ಸುರಿದ ದಿನ ಕೈ ನಡುಗಿತ್ತು. ಈಗ ನಡುಗುತ್ತಿಲ್ಲ.

ಬಾಗಿಲಲ್ಲಿ ಆಟೋ ನಿಂತಿತು. ಕಿಟಕಿಯಲ್ಲಿ ಅನಿಲ ಕಾಣುತ್ತಿದ್ದಾನೆ. ಕೈಯಲ್ಲಿ ಸ್ವೀಟ್ ಬಾಕ್ಸ್, ಮುಖದ ತುಂಬ ನಗು. ಮೆಟ್ಟಿಲಲ್ಲೇ ಕೂಗುತ್ತಿದ್ದಾನೆ, "ಅಕ್ಕ, ಎಷ್ಟನೇಯೋಳಾಗಿ ಬಂದೆ?"

ಹೊಸಿಲು ದಾಟಲಿ. ಮೊದಲು ಮೀನಖಂಡಕ್ಕೆ, ಆಮೇಲೆ —